ಅಮೆರಿಕದ ಮೊದಲ ಕಾಂಗ್ರೆಸ್ಸಿನ (ಸಂಸತ್ತಿನ) ಸದಸ್ಯ ಫಿಶರ್ ಏಮ್ಸ್ ಯಾರು? ಅವರು ಹೆಸರಾದದ್ದು ಯಾವುದಕ್ಕೆ?

ಫಿಶರ್ ಏಮ್ಸ್ (1758–1808) ಮ್ಯಾಸಚೂಸೆಟ್ಸ್‌ನ ಡೆಡಮ್ ಊರಿನವರು. ಪಂಚಾಂಗ ಪ್ರಕಟಿಸುತ್ತಿದ್ದ ವೈದ್ಯರ ಮಗನಾದ ಅವರು ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರೂ 1774ರಲ್ಲಿ ಹಾರ್ವರ್ಡ್ ಪದವಿ ಪಡೆದು, ಮುಂದೆ ವಕೀಲರಾದರು. ಮೊದಲ ಕಾಂಗ್ರೆಸ್ಸಿನ ಚುನಾವಣೆಯಲ್ಲಿ ಸ್ವಾತಂತ್ರ್ಯ ಹೋರಾಟದ ಹಿರಿಯ ನಾಯಕ ಸ್ಯಾಮ್ಯುಯೆಲ್ ಆಡಮ್ಸ್ ಅವರನ್ನೇ ಸೋಲಿಸಿ, 1789ರಿಂದ 1797ರವರೆಗೆ ಪ್ರತಿನಿಧಿ ಸಭೆಯಲ್ಲಿದ್ದರು.

ಅವರ ಬದುಕಿನ ಶ್ರೇಷ್ಠ ಗಳಿಗೆ, ನನ್ನ ದೃಷ್ಟಿಯಲ್ಲಿ, 1796ರ ಏಪ್ರಿಲ್ 28ರ ಭಾಷಣ. ಯುದ್ಧ ತಪ್ಪಿಸಲು ಬ್ರಿಟನ್ನಿನೊಂದಿಗೆ ಮಾಡಿಕೊಂಡಿದ್ದ ಜೇ ಒಪ್ಪಂದವನ್ನು ಜಾರಿಗೊಳಿಸಲು ಬೇಕಾದ ಹಣ ಮಂಜೂರು ಮಾಡಲು ಸಭೆಯ ಬಹುಪಾಲು ಸದಸ್ಯರು ಒಪ್ಪದಿದ್ದಾಗ, ಕಾಯಿಲೆಯಿಂದ ಜರ್ಜರಿತರಾಗಿದ್ದ ಏಮ್ಸ್ ಎದ್ದು ನಿಂತು, ಒಪ್ಪಂದ ಮುರಿದರೆ ಗಡಿನಾಡಿನ ಕುಟುಂಬಗಳು ಯುದ್ಧಕ್ಕೆ ಬಲಿಯಾಗುತ್ತವೆ ಎಂದು ವಾದಿಸಿದರು. ಮಾತಿನ ಪ್ರಭಾವ ಎಷ್ಟಿತ್ತೆಂದರೆ, ಎದುರಾಳಿಗಳು ಮತದಾನವನ್ನು ಮುಂದೂಡುವಂತೆ ಕೋರಿದರು. ಕೊನೆಗೆ ಹಣ ಮಂಜೂರು ಮಾಡುವ ನಿರ್ಣಯ 51–48 ಮತಗಳಿಂದ ಗೆದ್ದಿತು. 1805ರಲ್ಲಿ ಹಾರ್ವರ್ಡಿನ ಅಧ್ಯಕ್ಷ ಪದವಿ ಅರಸಿ ಬಂದಾಗ ಅನಾರೋಗ್ಯದಿಂದಾಗಿ ಅದನ್ನು ನಿರಾಕರಿಸಿದ ಅವರು, 1808ರ ಜುಲೈ 4ರಂದು ಡೆಡಮ್‌ನಲ್ಲಿ ನಿಧನರಾದರು.