ಬಳ್ಳಾರಿ ಕಪ್ಪಗಲ್ ರೋಡ್ ಕಡೆ ಬಾಡಿಗೆಗೆ ಕೊಡೋಕೆ ಮನೆ ಕೊಂಡ್ಕೊಳ್ಳೋ ಬಗ್ಗೆ

ಸರ್, ಪುಣೆಯಲ್ಲಿದ್ದೀನಿ, ಬಾಡಿಗೆಗೆ ಕೊಡೋಕೆ ಇಲ್ಲಿ ಮನೆ ಕೊಳ್ಳಬಹುದಾ ಅಂತ ಕೇಳಿದ್ರಲ್ಲ, ಅಲ್ಲಿ ಕೂತು ಬ್ರೋಕರ್ ಕಳಿಸಿದ ಫೋಟೋ ನೋಡಿ ಏರಿಯಾ ಹೆಂಗೈತಿ ಅಂತ ಹೇಳಕ್ಕಾಗಲ್ಲ ರೀ, ನಮ್ಮಣ್ಣ ಹಂಗೇ ತಗೊಂಡು ಮೊದಲ ಮಳೆಗೇ ಓಣಿ ತುಂಬ ಚರಂಡಿ ನೀರು, ಮೂರು ತಿಂಗಳಿಗೇ ಬಾಡಿಗೆಯವ್ರು ಖಾಲಿ ಮಾಡಿದ್ರು.

ಮೊದಲು ನೀರಿನ ವಿಚಾರ ಕೇಳ್ರಿ. ನಳ ಎಷ್ಟು ದಿನಕ್ಕೊಮ್ಮೆ ಬಿಡ್ತಾರೆ, ಬೋರ್ ನೀರು ಉಪ್ಪಾ ಸಿಹೀನಾ, ಏಪ್ರಿಲ್ ಮೇನಲ್ಲಿ ಟ್ಯಾಂಕರ್ ತರಿಸ್ತಾರಾ. ಇದನ್ನ ಬ್ರೋಕರ್‌ಗೆ ಕೇಳಬ್ಯಾಡ್ರಿ, ಆ ಓಣಿ ಕಿರಾಣಿ ಅಂಗಡಿಯವ್ರಿಗೆ, ಇಲ್ಲಾ ಅಲ್ಲೇ ಬಾಡಿಗೆಗೆ ಇರೋರಿಗೆ ಕೇಳ್ರಿ, ಅವ್ರು ಸಾಮಾನ್ಯವಾಗಿ ಖರೇ ಹೇಳ್ತಾರೆ. ನಿಮ್ಮೋರು ಯಾರಾದ್ರೂ ಇಲ್ಲಿದ್ರೆ ರಾತ್ರಿ ಒಂಬತ್ತರ ಮ್ಯಾಲೆ ಹೋಗಿ ವಿಡಿಯೋ ಕಾಲ್ ಮಾಡ್ಲಿ, ಬೀದಿ ಲೈಟು ನಾಯಿ ಹೆಣ್ಮಕ್ಕಳ ಓಡಾಟ ಎಲ್ಲಾ ಗೊತ್ತಾಗ್ತದೆ. ಒಂದೇ ಸಾಲಿನಲ್ಲಿ ನಾಕೈದು ಟು-ಲೆಟ್ ಬೋರ್ಡ್ ತಿಂಗಳುಗಟ್ಟಲೆ ನೇತಾಡ್ತಿದ್ರೆ ಬಿಟ್ಬಿಡ್ರಿ.

ಬಾಡಿಗೆ ಬರೋದೇ ಮುಖ್ಯ ಅಂದ್ರೆ ನಾನಾದ್ರೆ ವಿಮ್ಸ್ (ಇಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಸುತ್ತಮುತ್ತ ನೋಡ್ತೀನಿ, ಮನೆ ಹಳೇದಾದ್ರೂ ಚಿಂತಿಲ್ಲ, ಡಾಕ್ಟರ್ ಓದೋರು, ನರ್ಸ್‌ಗಳು ವರ್ಷಾ ಬರ್ತಾನೇ ಇರ್ತಾರೆ. ತೋರಣಗಲ್ಲು ಉಕ್ಕಿನ ಫ್ಯಾಕ್ಟರಿಯವ್ರು ಬರ್ತಾರೆ ಅಂದ್ರೆ ಅವ್ರ ಬಸ್ಸು ಎಲ್ಲಿ ನಿಲ್ತದೆ ಅದನ್ನೂ ನೋಡ್ಕೊಳ್ರಿ.

ಕಾವೇರಿ ಆನ್‌ಲೈನ್‌ನಲ್ಲಿ (ಸರ್ಕಾರದ ನೋಂದಣಿ ಇಲಾಖೆ ವೆಬ್‌ಸೈಟ್) ಇಸಿ, ಅಂದ್ರೆ ಆಸ್ತಿ ಮ್ಯಾಲಿನ ಋಣಭಾರ ಪತ್ರ ತೆಗೀರಿ, ಇ-ಖಾತಾ (ಆಸ್ತಿ ಯಾರ ಹೆಸರಲ್ಲಿದೆ ಅನ್ನೋ ಆನ್‌ಲೈನ್ ದಾಖಲೆ) ಇಲ್ದೆ ಅಡ್ವಾನ್ಸ್ ಕೊಡಬ್ಯಾಡ್ರಿ. ಸರ್ವೆ ನಂಬರ್ ಹಾಕಿದ್ರೆ ನೋಡಿ ಹೇಳ್ತೀನಿ.