ಬಾಡಿಗೆಗೆ ಸಿಕ್ಕರೆ ಟೊಟೊರೊ ಮನೆ, ಮಾಳಿಗೆ ಮಾತ್ರ ನಮ್ಮದಿರಲಿ

ಅನಿಮೇಷನ್ ಚಿತ್ರಗಳಲ್ಲಿ ಕಂಡ ಯಾವ ಮನೆಯಲ್ಲಿ ವಾಸಿಸುವ ಆಸೆ, ಏಕೆ ಎಂದು ಕೇಳಿದ್ದೀರಿ. ನನ್ನದು 'ಮೈ ನೇಬರ್ ಟೊಟೊರೊ' ಚಿತ್ರದ ಮನೆ. ಹಯಾವೊ ಮಿಯಾಜಾಕಿ 1988ರಲ್ಲಿ ಮಾಡಿದ ಆ ಚಿತ್ರದ ಮೊದಲಿಗೇ ತಂದೆಯೊಬ್ಬ ಇಬ್ಬರು ಹೆಣ್ಣುಮಕ್ಕಳೊಡನೆ ಸಾಮಾನು ಹೇರಿಕೊಂಡು ಹಳ್ಳಿಗೆ ಬಂದಿಳಿಯುತ್ತಾನಲ್ಲ, ಆ ಹಳೆಯ ಮನೆ. ಕೊಪ್ಪಳದಲ್ಲಿ ಮನೆಗಳ ನಕ್ಷೆ ಬರೆದು ಹೊಟ್ಟೆ ಹೊರೆಯುವವನು ನಾನು. ಹಾಗಾಗಿ ಕಾರ್ಟೂನ್ ನೋಡುವಾಗಲೂ ಕಣ್ಣು ಕಥೆಗಿಂತ ಮೊದಲು ಕಂಬ, ಸೂರು, ಬಚ್ಚಲಿನ ಕಡೆಗೇ ಹೋಗುತ್ತದೆ. ಹೆಂಡತಿ ರೇಗುವುದೂ ಅದಕ್ಕೇ.

ಹೆಚ್ಚಿನವರು ಹೇಳುವ ಮನೆ 2009ರ 'ಅಪ್' ಚಿತ್ರದ್ದು, ಬಲೂನು ಕಟ್ಟಿಕೊಂಡು ಹಾರುವಂಥದ್ದು. ಮನೆ ನೆಲ ಬಿಡುವ ದೃಶ್ಯಕ್ಕೆ ಪಿಕ್ಸಾರ್‌ನವರು 20,622 ಬಲೂನು ಬರೆದಿದ್ದಾರೆ. ಹುಟ್ಟುಹಬ್ಬದ ಬಲೂನಿಗೆ ಹೀಲಿಯಂ ತುಂಬಿದರೆ ತನ್ನ ಭಾರ ಕಳೆದು ಅದು ಎತ್ತುವುದು ಹತ್ತು ಹನ್ನೊಂದು ಗ್ರಾಂ. ಲೆಕ್ಕ ಹಾಕಿ, ಗಂಗಾವತಿಯ 75 ಕಿಲೋ ಭತ್ತದ ಚೀಲ ಮೂರು ಎದ್ದರೆ ಹೆಚ್ಚು, ಮನೆಯ ಮಾತು ಬಿಡಿ. 2011ರಲ್ಲಿ ಅಮೆರಿಕದ ನ್ಯಾಷನಲ್ ಜಿಯಾಗ್ರಫಿಕ್ ತಂಡ ಹಗುರಾದ ಪುಟ್ಟ ಮನೆಯೊಂದನ್ನು 300 ಹವಾಮಾನ ಬಲೂನುಗಳಿಗೆ ಕಟ್ಟಿ ಹತ್ತು ಸಾವಿರ ಅಡಿಯ ಮೇಲೆ ಹಾರಿಸಿದ್ದು ನಿಜ. ಆದರೆ ಆ ಚಿತ್ರದಲ್ಲಿ ನನಗೆ ಬೇಕೆನಿಸಿದ್ದು ಅಜ್ಜ ಅಜ್ಜಿ ಅಕ್ಕಪಕ್ಕ ಕೂರುತ್ತಿದ್ದ ಎರಡು ಕುರ್ಚಿ ಮಾತ್ರ. ಅದಕ್ಕೆ ಬಲೂನಿನ ಹಂಗಿಲ್ಲ.

2004ರ 'ಹೌಲ್ಸ್ ಮೂವಿಂಗ್ ಕ್ಯಾಸಲ್' ಚಿತ್ರದ ನಡೆದಾಡುವ ಕೋಟೆಗೂ ಅಭಿಮಾನಿಗಳು ಬಹಳ. ಮೈತುಂಬ ಕಬ್ಬಿಣ, ಒಳಗೆ ಆರಲೇಬಾರದ ಬೆಂಕಿಯ ಒಲೆ. ಮೇ ತಿಂಗಳಲ್ಲಿ ರಾಯಚೂರಿನ ತಗಡಿನ ಶೆಡ್ಡಿನಡಿ ಒಂದು ಮಧ್ಯಾಹ್ನ ಕಳೆದವರು ಈ ಆಸೆ ಪಡಲಾರರು. ಆ ಬಾಗಿಲೊಂದನ್ನು ಬಿಚ್ಚಿ ಕೊಟ್ಟರೆ ಬೇಡವೆನ್ನುವುದಿಲ್ಲ. ಗುಂಡಿ ತಿರುಗಿಸಿದಂತೆ ನಾಲ್ಕು ಬೇರೆ ಬೇರೆ ಜಾಗಗಳಿಗೆ ತೆರೆಯುವ ಬಾಗಿಲು ಅದು. ಒಂದನ್ನು ಬೆಂಗಳೂರಿಗೆ ಇಟ್ಟುಕೊಂಡರೆ ಹಂಪಿ ಎಕ್ಸ್‌ಪ್ರೆಸ್‌ನ ವೇಟಿಂಗ್ ಲಿಸ್ಟ್ ಕಾಯುವುದು ತಪ್ಪುತ್ತದೆ.

2021ರ 'ಎನ್‌ಕಾಂಟೊ' ಚಿತ್ರದ ಕಸೀಟಾ ಮನೆ ಮಾತ್ರ ನನ್ನನ್ನು ಸ್ವಲ್ಪ ಅಲುಗಾಡಿಸಿತು. ಕೊಲಂಬಿಯಾದ ಕೂಡುಕುಟುಂಬ, ನಡುವೆ ಅಂಗಳ, ಹಂಚುಗಳು ತಾವೇ ಎದ್ದು ಮಾತಾಡಿಸುವ ನೆಲ. ಆದರೆ ಮನೆತನದವರು ಹೆಸರೆತ್ತಲೂ ಬಯಸದ ಬ್ರೂನೊ ಎಂಬ ಸೋದರಮಾವ ಗೋಡೆಯ ಹಿಂದಿನ ಸಂದಿಯಲ್ಲಿ ಬದುಕುತ್ತಿರುತ್ತಾನೆ. ಊಟದ ಕೋಣೆಯ ಗೋಡೆಯಾಚೆ ತನಗೊಂದು ಮೇಜು ಹಾಕಿಕೊಂಡು, ಅದರ ಮೇಲೆ ತಟ್ಟೆಯ ಚಿತ್ರ ಬರೆದುಕೊಂಡಿದ್ದಾನೆ, ಮನೆಯವರ ಜೊತೆಗೇ ಉಣ್ಣುತ್ತಿರುವ ಹಾಗೆ. ಅಣ್ಣತಮ್ಮಂದಿರು ಪಾಲಾಗುವಾಗ ಪಡಸಾಲೆಯ ನಡುವೆ ಗೋಡೆ ಎಬ್ಬಿಸಿಕೊಡಿ ಎಂದು ನನ್ನ ಬಳಿಗೂ ಬರುತ್ತಾರೆ. ಆಚೆಯವರ ಬಳೆ ಸದ್ದೂ ಕೇಳಿಸಬಾರದು ಎಂದು ಒಂಬತ್ತು ಇಂಚಿನ ಗೋಡೆಯೇ ಬೇಕೆನ್ನುವವರೂ ಇದ್ದಾರೆ. ಕೆಲಸದ ಈ ನೆನಪು ತರುವ ಮನೆಯಲ್ಲಿ ನಾನಂತೂ ಇರಲಾರೆ.

ಇನ್ನು ಟೊಟೊರೊ ಮನೆಗೆ ಬರೋಣ. ಅದು ಗಟ್ಟಿಯಾದ ಮನೆಯೇನೂ ಅಲ್ಲ. ಮಕ್ಕಳು ಬಂದಿಳಿದ ಕೂಡಲೇ ಹೊರಗಿನ ಚಪ್ಪರದ ಕಂಬ ಹಿಡಿದು ಅಲ್ಲಾಡಿಸುತ್ತಾರೆ, ಬುಡವೇ ಕೊಳೆತಿದೆ. ಚಾವಣಿಯಿಂದ ಓಕ್ ಮರದ ಕಾಯಿಗಳು ಉದುರುತ್ತವೆ, ಅಟ್ಟದ ಮೆಟ್ಟಿಲು ಎಲ್ಲಿದೆಯೆಂದು ಬಾಗಿಲು ಬಾಗಿಲು ತೆರೆದು ಹುಡುಕಬೇಕು. ಅರ್ಧ ಜಪಾನೀ ಮನೆ, ಅರ್ಧ ಪಾಶ್ಚಾತ್ಯ ಶೈಲಿಯದು, ಎರಡಕ್ಕೂ ಅಂಥ ನಂಟೇನಿಲ್ಲ. ನಕ್ಷೆಯಾಗಿ ನೋಡಿದರೆ ನಾನೇ ತಪ್ಪು ಹುಡುಕುವಂಥದ್ದು. ಆದರೂ ಆ ಚಿತ್ರದಲ್ಲಿ ಮನೆಯಲ್ಲಿ ಕೆಲಸ ನಡೆಯುವುದು ಕಾಣುತ್ತದೆ. ಕೈಪಂಪು ನೀರು ಎತ್ತಲಿ ಎಂದು ಹುಡುಗಿ ಹಳ್ಳದಿಂದ ಬಕೆಟ್ಟಿನಲ್ಲಿ ನೀರು ತಂದು ಮೊದಲು ಅದಕ್ಕೇ ಸುರಿಯುತ್ತಾಳೆ. ಮಕ್ಕಳು ನೆಲ ಒರೆಸುತ್ತಾರೆ. ರಾತ್ರಿ ಬಿರುಗಾಳಿಗೆ ಮನೆಯೆಲ್ಲ ಕಿರುಗುಟ್ಟುವಾಗ ಬಿಸಿನೀರಿನ ತೊಟ್ಟಿಯಲ್ಲಿ ಕೂತ ತಂದೆ ಗಟ್ಟಿಯಾಗಿ ನಗುತ್ತಾನೆ, ಮಕ್ಕಳೂ ನಗುತ್ತಾರೆ, ಹೆದರಿಕೆ ಓಡಿಹೋಗುತ್ತದೆ.

ನನ್ನ ಮನಸ್ಸು ಕೂತಿದ್ದು ಅದರ ಜಗಲಿಯಲ್ಲಿ. ಕೋಣೆಗೂ ಅಂಗಳಕ್ಕೂ ನಡುವೆ ಉದ್ದಕ್ಕೆ ಹಾಸಿದ ಮರದ ಹಲಗೆ, ಮೇಲೆ ಸೂರು, ಮುಂದೆ ಗೋಡೆಯಿಲ್ಲ. ಪಕ್ಕದಲ್ಲೇ ತಂದೆಯ ಓದುವ ಮೇಜು ತೋಟಕ್ಕೆ ಮುಖ ಮಾಡಿದೆ. ಆತ ಬರೆಯುತ್ತಿರುವಾಗ ಕಿರಿಯವಳು ಅಂಗಳದಿಂದಲೇ ಬಂದು ಕಾಗದಗಳ ಪಕ್ಕ ಹೂವುಗಳನ್ನು ಸಾಲಾಗಿ ಇಟ್ಟು ಹೋಗುತ್ತಾಳೆ. ಅವಳು ಬಾಗಿಲು ತಟ್ಟಬೇಕಿಲ್ಲ, ಅವನು ಏಳಬೇಕಿಲ್ಲ. ಇಂಥ ಜಾಗ ನಮ್ಮ ಕಡೆಯ ಪ್ರತಿ ಹಳೆಯ ಮನೆಗೂ ಇತ್ತು, ಕಟ್ಟೆಯ ರೂಪದಲ್ಲಿ. ಸೊಪ್ಪು ಸೋಸುವುದು, ಲಗ್ನದ ಮಾತು, ಜಗಳ ಬಿಡಿಸುವುದು, ಸುಮ್ಮನೆ ಹೋಗಿಬರುವವರನ್ನು ನೋಡುವುದು ಎಲ್ಲ ಅಲ್ಲೇ. ಈಗ ಬರುವವರು ಮೊದಲು ಕೇಳುವುದು ಕಾರಿಗೆ ಜಾಗ, ಆಮೇಲೆ ಮೂರು ಮಲಗುವ ಕೋಣೆ. ಉಳಿದ ಒಂದೆರಡು ಅಡಿಗೆ ಸ್ಟೀಲ್ ಗೇಟು. ಕಟ್ಟೆ ಬೇಕೆಂದು ಯಾರೂ ಕೇಳುವುದಿಲ್ಲ, ಹೊಸ ಮನೆಯಲ್ಲಿ ವರ್ಷ ಕಳೆದ ಮೇಲೆ ಗೇಟಿನ ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

ಆ ಮನೆಯನ್ನು ಹಾಗೆ ಹಾಗೆಯೇ ತಂದು ಕೊಪ್ಪಳದಲ್ಲಿ ನಿಲ್ಲಿಸಿದರೆ ಮಾತ್ರ ಒಂದು ಬೇಸಿಗೆಯೂ ತಡೆಯಲಾರೆವು. ಮರ, ಕಾಗದದ ತೆಳು ಗೋಡೆಗೆ ನಮ್ಮ ಬಿಸಿಲಿನ ಎದುರು ಬಲ ಸಾಲದು. ಆರ್‌ಸಿಸಿ ಮಾಡು ಇನ್ನೂ ಕೆಟ್ಟದ್ದು, ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ನಮ್ಮ ತಲೆಯ ಮೇಲೇ ಇಳಿಸುತ್ತದೆ. ಎರಡು ಅಡಿ ದಪ್ಪದ ಮಣ್ಣುಗೋಡೆ, ತೊಲೆ ಜಂತೆಗಳ ಮೇಲೆ ಮಣ್ಣು ಹೇರಿದ ಮಾಳಿಗೆ, ನಡುವೆ ಒಂದು ಗವಾಕ್ಷಿ ಇದ್ದರೆ ಹೊರಗಿನ ಬಿಸಿ ಒಳಗಿಳಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿಸದಿದ್ದರೆ ಸೋರುವುದು ಖಂಡಿತ, ಅದಕ್ಕೆ ಆಳು ಸಿಗುವುದೂ ಈಗ ಕಷ್ಟ. ಅಷ್ಟು ಗೋಳು ಸಹಿಸಲು ನಾನು ಸಿದ್ಧ.

ಕಣ್ಣಾರೆ ನೋಡುವ ಆಸೆಯಿದ್ದರೆ ಜಪಾನಿನ ಐಚಿಯಲ್ಲಿ 2005ರ ವಿಶ್ವ ಮೇಳಕ್ಕೆಂದು ಈ ಮನೆಯನ್ನು ನಿಜವಾಗಿಯೇ ಕಟ್ಟಿದ್ದಾರೆ. ಈ ಚಿತ್ರ ತಯಾರಿಸಿದ ಘಿಬ್ಲಿ ಸ್ಟುಡಿಯೊ ಹೆಸರಿನಲ್ಲಿ 2022ರಲ್ಲಿ ತೆರೆದ ಘಿಬ್ಲಿ ಪಾರ್ಕಿಗೆ ಈಗ ಅದು ಸೇರಿದೆ.

ಕಟ್ಟಿಸುವ ಆಸೆಯೇ ಇದ್ದರೆ 30×40ರ ನಿವೇಶನದಲ್ಲಿ ಆ ಮನೆ ಹಿಡಿಸದು, ಅದರ ಜಗಲಿ ಹಿಡಿಸುತ್ತದೆ. ಮುಂಬಾಗಿಲ ಪಕ್ಕ ನಾಲ್ಕು ಅಡಿ ಅಗಲಕ್ಕೆ ಬಿಡಿಸಿಕೊಳ್ಳಿ, ಮೇಲೆ ಸೂರು ಮುಂದೆ ಚಾಚಿರಲಿ. ಹೊಳೆಯುವ ಗ್ರಾನೈಟ್ ಬೇಡ, ಮಳೆಯಲ್ಲಿ ಜಾರುತ್ತದೆ, ಒರಟು ಶಹಾಬಾದ್ ಕಲ್ಲು ಸಾಕು. ಎತ್ತರ ಒಂದೂವರೆ ಅಡಿಯ ಆಸುಪಾಸಿನಲ್ಲಿರಲಿ, ಮಂಡಿನೋವಿನವರು ಕೂತು ಏಳಬೇಕಲ್ಲ. ವಾಸ್ತು ಹೇಳುವವರು ಏನಾದರೂ ತಕರಾರು ತೆಗೆದರೆ ನನಗೆ ಬರೆಯಿರಿ.