ಪೆನ್‌ಡ್ರೈವ್‌ಗೆ ಹಾಕಿಸಿದ್ದೇವೆ, ಇನ್ನು ಹಳೇ ಕ್ಯಾಸೆಟ್ ಎಸೆಯಬಹುದಾ?

ಹಳೆಯ ಹಾಡು, ಹರಿಕಥೆ, ತಾಳಮದ್ದಳೆ, ಕಛೇರಿಗಳ ರೆಕಾರ್ಡಿಂಗ್‌ಗಳನ್ನು ಕಾಪಾಡಿ, ಪಟ್ಟಿ ಮಾಡಿ ಇಡುವುದು ನನ್ನ ಕೆಲಸ. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಊರು ಬೇರೆ, ಮನೆ ಬೇರೆ, ಪ್ರಶ್ನೆ ಮಾತ್ರ ಅದೇ. ಬಿಡಿಬಿಡಿಯಾಗಿ ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತಿದೆ. ಹಾಗಾಗಿ ಇವತ್ತು ಅದಕ್ಕೇ ಜಾಸ್ತಿ ಜಾಗ. ಉಳಿದವರು ಚಿಕ್ಕ ಉತ್ತರಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ಅತ್ತೆ ಹಾಡಿದ ಹಸೆ ಹಾಡುಗಳ 14 ಕ್ಯಾಸೆಟ್‌ಗಳಿವೆ. 1980ರ ದಶಕದಲ್ಲಿ ಮಾವ ರೆಕಾರ್ಡ್ ಮಾಡಿದ್ದು. ಪೇಟೆಯ ಅಂಗಡಿಯವರು ಎಲ್ಲವನ್ನೂ ಎಂಪಿ3 ಮಾಡಿ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟಿದ್ದಾರೆ. ಶಬ್ದ ಸ್ವಲ್ಪ ಮಂಕು, ಆದರೆ ಕೇಳಬಹುದು. ಕೆಲವು ಕ್ಯಾಸೆಟ್‌ಗಳಿಗೆ ಬಿಳಿ ಬೂಷ್ಟು ಬಂದಿದೆ. ಮನೆ ರಿಪೇರಿ ನಡೆಯುತ್ತಿದೆ. ಈಗ ಅವನ್ನು ಎಸೆಯಬಹುದಾ? (ತೀರ್ಥಹಳ್ಳಿಯ ಓದುಗರು)

ಉತ್ತರ: ಬೇಡ. ಎಸೆಯಬೇಡಿ. ಗುಜರಿಯವರಿಗೂ ಕೊಡಬೇಡಿ.

ಅಂಗಡಿಯಲ್ಲಿ ಕೊಂಡ ಸಿನಿಮಾ ಹಾಡಿನ ಕ್ಯಾಸೆಟ್ ಆಗಿದ್ದರೆ ನಾನು ಇಷ್ಟು ಹಟ ಮಾಡುತ್ತಿರಲಿಲ್ಲ. ಅದರ ಪ್ರತಿ ಸಾವಿರಾರು ಮನೆಗಳಲ್ಲಿ ಇರುತ್ತದೆ. ನಿಮ್ಮ ಅತ್ತೆಯ ದನಿ ಇರುವುದು ಆ 14 ಕ್ಯಾಸೆಟ್‌ಗಳಲ್ಲಿ ಮಾತ್ರ. ಪೆನ್‌ಡ್ರೈವ್‌ನಲ್ಲಿ ಇರುವುದು ಅಂಗಡಿಯವರ ಯಂತ್ರಕ್ಕೆ ಆ ದಿನ ಸಿಕ್ಕಿದಷ್ಟು. ಯಂತ್ರ ಸರಿಯಿಲ್ಲದಿದ್ದರೆ ಸಿಕ್ಕಿದ್ದೂ ಕಡಿಮೆಯೇ.

‘ಶಬ್ದ ಸ್ವಲ್ಪ ಮಂಕು’ ಅಂತ ನೀವೇ ಬರೆದಿದ್ದೀರಿ. ನನಗೆ ಗಾಬರಿಯಾದದ್ದು ಅಲ್ಲೇ. ಎಲ್ಲರೂ ‘ಹಳೇ ಟೇಪು, ಮಂಕಾಗಿದೆ’ ಅಂದುಕೊಂಡು ಸುಮ್ಮನಾಗುತ್ತಾರೆ. ಬಹಳ ಸಲ ಟೇಪು ಚೆನ್ನಾಗಿಯೇ ಇರುತ್ತದೆ. ತಪ್ಪು ಅದನ್ನು ಓದಿದ ಹೆಡ್‌ನದು, ಅಂದರೆ ಪ್ಲೇಯರ್‌ನಲ್ಲಿ ಟೇಪಿಗೆ ತಾಗಿಕೊಂಡು ಶಬ್ದ ಓದುವ ಪುಟ್ಟ ಭಾಗದ್ದು.

ಕ್ಯಾಸೆಟ್ ಟೇಪಿನ ಅಗಲ 4 ಮಿಲಿಮೀಟರ್ ಕೂಡ ಇಲ್ಲ. ಎರಡೂ ಬದಿಯ ಹಾಡು ಅಷ್ಟರಲ್ಲೇ ಹಿಡಿಸಬೇಕು. ನಿಮ್ಮ ಮಾವನ ಟೇಪ್‌ರೆಕಾರ್ಡರ್‌ನ ಹೆಡ್ ಕೂದಲೆಳೆಯಷ್ಟು ವಾರೆಯಾಗಿತ್ತು ಅಂತಿಟ್ಟುಕೊಳ್ಳಿ. ಹಾಡೂ ಅಷ್ಟೇ ವಾರೆಯಾಗಿ ಟೇಪಿನಲ್ಲಿ ಕೂತಿರುತ್ತದೆ. ಈಗ ಅದನ್ನು ಓದುವ ಹೆಡ್ ಕೂಡ ಅಷ್ಟೇ ವಾರೆಗೆ ತಿರುಗಬೇಕು. ಇಲ್ಲದಿದ್ದರೆ ಮೇಲಿನ ಸ್ಥಾಯಿಯ ಕಂಪನಗಳೆಲ್ಲ ಮಾಯ. ‘ಸ’, ‘ಶ’ ಅಕ್ಷರ ಮಸುಕಾಗುತ್ತವೆ, ಬಳೆ ಸದ್ದು ಹೋಗುತ್ತದೆ, ತಾಳದ ಅಂಚು ಹೋಗುತ್ತದೆ.

ಹೆಡ್‌ನ ಪಕ್ಕದಲ್ಲೇ ಈ ವಾರೆ ತಿದ್ದುವ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಹೋದ ವರ್ಷ ಒಂದು ತಾಳಮದ್ದಳೆಯ ಕ್ಯಾಸೆಟ್ ಬಂದಿತ್ತು. ಭಾಗವತರ ಜಾಗಟೆ ಮರದ ಹಲಗೆ ತಟ್ಟಿದ ಹಾಗೆ ಕೇಳುತ್ತಿತ್ತು. ಟೇಪು ಓಡುತ್ತಿರುವಾಗಲೇ ಆ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿದೆ. ಜಾಗಟೆ ‘ಠಣ್’ ಅಂತ ಎದ್ದು ಬಂತು. ಅದರ ಹಿಂದೆ ಹೆಂಚಿನ ಮೇಲೆ ಬೀಳುವ ಮಳೆ. ಅದರ ಹಿಂದೆ ಯಾರೋ ಕೆಮ್ಮಿದ್ದು. ಆ ಮನೆಯವರು ಅದೇ ಕ್ಯಾಸೆಟ್ ಅನ್ನು ಅದಕ್ಕೂ ಮೊದಲು ಒಂದು ಸಲ ಸಿಡಿ ಮಾಡಿಸಿದ್ದರು. ಆ ಸಿಡಿಯಲ್ಲಿ ಮಳೆಯೇ ಇಲ್ಲ. ಕ್ಯಾಸೆಟ್ ಎಸೆದಿದ್ದರೆ ಅಲ್ಲಿ ಮಳೆ ಬರುತ್ತಿತ್ತು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅದಕ್ಕೇ ಅಂಗಡಿಗೆ ಹೋದಾಗ ಒಂದೇ ಮಾತು ಕೇಳಿ: ‘ಪ್ರತಿ ಕ್ಯಾಸೆಟ್‌ಗೂ ಹೆಡ್ ಸರಿ ಮಾಡಿಕೊಳ್ತೀರಾ?’ ಮುಖ ಮುಖ ನೋಡಿದರೆ ಕ್ಯಾಸೆಟ್ ತಗೊಂಡು ವಾಪಸ್ ಬನ್ನಿ. ಯುಎಸ್‌ಬಿ ವೈರ್ ಇರುವ ಆಟಿಕೆಯಂಥ ಪ್ಲೇಯರ್‌ಗಳಲ್ಲಿ ಮಾಡುವ ಕೆಲಸಕ್ಕೆ ನಾನು ಬೆಲೆ ಕೊಡುವುದಿಲ್ಲ.

ಇನ್ನೊಂದು, ವೇಗ. ಕರೆಂಟ್ ಇಲ್ಲದ ಮನೆಗಳಲ್ಲಿ ಸೆಲ್ ಹಾಕಿ ರೆಕಾರ್ಡ್ ಮಾಡುತ್ತಿದ್ದರು. ಸೆಲ್ ಇಳಿದಂತೆ ಟೇಪು ನಿಧಾನವಾಗುತ್ತದೆ. ಈಗ ಸರಿಯಾದ ವೇಗದಲ್ಲಿ ಹಾಕಿದರೆ ಹಾಡು ಓಡುತ್ತದೆ, ಶ್ರುತಿ ಏರುತ್ತಾ ಹೋಗುತ್ತದೆ. ಶುರುವಿನಲ್ಲಿ ಅಜ್ಜಿಯ ದನಿ, ಬದಿ ಮುಗಿಯುವ ಹೊತ್ತಿಗೆ ಹತ್ತು ವರ್ಷದ ಹುಡುಗಿಯ ದನಿ! ಮನೆಯ ಕರೆಂಟ್‌ನಲ್ಲಿ ರೆಕಾರ್ಡ್ ಮಾಡಿದ್ದರೆ ನಮ್ಮ ಕೆಲಸ ಸುಲಭ. ಹಿನ್ನೆಲೆಯಲ್ಲಿ ಕರೆಂಟಿನ ಗುಂಯ್ ಸದ್ದು ಸಣ್ಣಗೆ ಸೇರಿರುತ್ತದೆ. ನಮ್ಮ ದೇಶದಲ್ಲಿ ಅದು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸುತ್ತು. ಅಳೆದಾಗ 52 ಬಂದರೆ ಟೇಪು ನೂರಕ್ಕೆ 4ರಷ್ಟು ಜೋರಾಗಿ ಓಡುತ್ತಿದೆ ಅಂತ ಅರ್ಥ. ಮೂಲ ಕೈಯಲ್ಲಿದ್ದರೆ ಮತ್ತೆ ಸರಿಯಾಗಿ ಓಡಿಸಿ ಹಿಡಿಯಬಹುದು. ಮಂಕಾದ ಎಂಪಿ3ಯಲ್ಲಿ ಈ ಸಣ್ಣ ಸುಳಿವುಗಳು ಸಿಗುವ ಭರವಸೆ ಇಲ್ಲ.

‘ಗೊರಗೊರ ತೆಗೆದು ಕ್ಲೀನ್ ಮಾಡಿ ಕೊಡ್ತೀವಿ’ ಅನ್ನುವವರ ಬಗ್ಗೆ ನನಗೆ ತುಂಬಾ ಸಿಟ್ಟಿದೆ. ಕಾರಣ ಹೇಳುತ್ತೇನೆ. ಸಂಗೀತ ಪಾಠ ಹೇಳಿಕೊಡುತ್ತಿದ್ದ ಒಬ್ಬ ಹಿರಿಯರ ಮನೆಯ ಕಛೇರಿಯ ರೆಕಾರ್ಡಿಂಗ್ ಒಂದು ಕಡೆ ಹೀಗೆ ‘ಕ್ಲೀನ್’ ಆಗಿ ಬಂತು. ಒಂದೇ ಸಮ ಬರುವ ಸದ್ದನ್ನೆಲ್ಲ ಗೊರಗೊರ ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್ ಅದು. ಒಂದೇ ಸಮ ಬರುವುದು ಇನ್ನೇನು? ತಂಬೂರಿ! ಅದನ್ನೇ ಅಳಿಸಿಬಿಟ್ಟಿತ್ತು. ಹಾಡುವವರ ದನಿ ಬಾವಿಯೊಳಗಿಂದ ಬಂದ ಹಾಗಿತ್ತು, ಶ್ರುತಿಯ ಆಸರೆಯೇ ಇಲ್ಲ. ಮೂಲ ಎಲ್ಲಿ ಅಂತ ಕೇಳಿದೆ. ‘ಸಿಡಿ ಬಂತಲ್ಲ ಅಂತ ಎಸೆದೆವು’ ಅಂದರು. ಆ ಕಛೇರಿಯ ತಂಬೂರಿಯನ್ನು ಇನ್ನು ಯಾರೂ ಕೇಳುವಂತಿಲ್ಲ. ಕ್ಲೀನ್ ಮಾಡಿಸುವುದಾದರೆ ಮಾಡಿಸಿ, ಆದರೆ ಏನೂ ಮುಟ್ಟದ ಪ್ರತಿ ಒಂದು ಬೇರೆ ಇರಲೇಬೇಕು.

ಆ ಪ್ರತಿ ಎಂಪಿ3 ಆಗಿರಬಾರದು. ಫೈಲ್ ಚಿಕ್ಕದಾಗಲಿ ಅಂತ ಎಂಪಿ3 ಶಬ್ದದ ಒಂದಷ್ಟು ಭಾಗವನ್ನು ಬಿಸಾಡುತ್ತದೆ, ಅದು ಮತ್ತೆ ಬರುವುದಿಲ್ಲ. ಏನನ್ನೂ ಬಿಸಾಡದ ವೇವ್ (WAV) ಫೈಲ್ ಮಾಡಿಸಿ. ‘24 ಬಿಟ್, 96 ಕಿಲೋಹರ್ಟ್ಜ್’ ಅಂತ ಹೇಳಿ, ಶಬ್ದವನ್ನು ಎಷ್ಟು ಸೂಕ್ಷ್ಮವಾಗಿ ಹಿಡಿಯಬೇಕು ಅನ್ನುವ ಅಳತೆ ಅದು. ಒಂದು ಗಂಟೆಗೆ ಹತ್ತಿರ ಹತ್ತಿರ 2 ಜಿಬಿ ಆಗುತ್ತದೆ. ನಿಮ್ಮ 14 ಕ್ಯಾಸೆಟ್ ಗಂಟೆ ಗಂಟೆಯವಾದರೆ 30 ಜಿಬಿಯೊಳಗೆ ಮುಗಿಯಿತು. ಮದುವೆ ವಿಡಿಯೋಗೆ ಅದಕ್ಕಿಂತ ಜಾಸ್ತಿ ಜಾಗ ಕೊಡುತ್ತೀರಿ, ಅಲ್ವಾ? ಎರಡು ಹಾರ್ಡ್‌ಡಿಸ್ಕ್‌ನಲ್ಲಿ ಹಾಕಿ, ಒಂದನ್ನು ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇಡಿ. ಪೆನ್‌ಡ್ರೈವ್ ಇರುವುದು ಸಾಗಿಸುವುದಕ್ಕೆ, ಕಾಪಾಡುವುದಕ್ಕಲ್ಲ.

ಬೂಷ್ಟಿನ ವಿಷಯ. ಬಿಸಿಲಿಗೆ ಹಾಕಬೇಡಿ. ‘ಹಪ್ಪಳದ ಜೊತೆ ಅಂಗಳದಲ್ಲಿ ಒಂದು ದಿನ ಇಟ್ಟರೆ ಸಾಕು’ ಅಂತ ಹೇಳುವವರು ಪ್ರತಿ ಊರಲ್ಲೂ ಇದ್ದಾರೆ. ಬಿಸಿಗೆ ಕ್ಯಾಸೆಟ್‌ನ ಚಿಪ್ಪು ಡೊಂಕಾಗುತ್ತದೆ, ಒಳಗಿನ ಟೇಪು ಸೊಟ್ಟಗಾಗುತ್ತದೆ. ಬೂಷ್ಟು ಬಂದದ್ದನ್ನು ಪ್ಲೇಯರ್‌ಗೂ ಹಾಕಬೇಡಿ. ಟೇಪು ಹರಿಯಬಹುದು. ಪುಡಿ ಹೆಡ್‌ಗೆ ಅಂಟಿ, ಆಮೇಲೆ ಹಾಕಿದ ಕ್ಯಾಸೆಟ್‌ಗೂ ಹರಡುತ್ತದೆ. ನಿಮ್ಮ ಶ್ವಾಸಕೋಶಕ್ಕೂ ಒಳ್ಳೆಯದಲ್ಲ, ಉಬ್ಬಸ ಇರುವವರು ಮುಟ್ಟಲೇಬೇಡಿ.

ಬೂಷ್ಟು ಹಿಡಿದವನ್ನು ಬೇರೆ ಡಬ್ಬಿಗೆ ಹಾಕಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಬಿಗಿಯಾಗಿ ಮುಚ್ಚಿ. ಕೆಲವು ವಾರದಲ್ಲಿ ಬೂಷ್ಟು ಒಣಗಿ ಪುಡಿಯಾಗುತ್ತದೆ. ಆಮೇಲಿನದು ಗೊತ್ತಿದ್ದವರ ಕೆಲಸ. ನಾನು ಮಾಸ್ಕ್ ಹಾಕಿಕೊಂಡು, ಗಾಳಿಯಾಡುವ ಕಡೆ ಕೂತು, ಐದು ಸ್ಕ್ರೂ ಬಿಚ್ಚಿ ಟೇಪಿನ ಸುರುಳಿ ಹೊರಗೆ ತೆಗೆಯುತ್ತೇನೆ. ನೂಲು ಬಿಡದ ಒಣ ಬಟ್ಟೆಯ ನಡುವೆ ಟೇಪನ್ನು ನಿಧಾನವಾಗಿ ಸುತ್ತಿಸುತ್ತೇನೆ. ಒಂದು ಕ್ಯಾಸೆಟ್‌ಗೆ ಅರ್ಧ ದಿನ ಹೋಗುತ್ತದೆ. ಆಮೇಲೆ ಹೊಸ ಚಿಪ್ಪಿಗೆ ಹಾಕುತ್ತೇನೆ. ಒಳಗೆ ತಾಮ್ರದ ಪಟ್ಟಿಯ ಮೇಲೆ ಅಂಟಿಸಿದ ಪುಟ್ಟ ಮೆತ್ತೆ ಇರುತ್ತದೆ, ಹಳೆಯ ಚಿಪ್ಪುಗಳಲ್ಲಿ ಅದು ಉದುರಿರುವುದೇ ಹೆಚ್ಚು. ಅದು ಉದುರಿದ್ದರೂ ಶಬ್ದ ಮಂಕಾಗುತ್ತದೆ. ‘ಹಾಳಾಗಿದೆ’ ಅಂತ ಜನ ಎಸೆದ ಎಷ್ಟೋ ಕ್ಯಾಸೆಟ್‌ಗಳಿಗೆ ಬೇಕಾಗಿದ್ದದ್ದು ಆ ಮೆತ್ತೆಯೊಂದೇ.

ಹಾಗಂತ ಇನ್ನೂ ಹತ್ತು ವರ್ಷ ಅಟ್ಟದ ಮೇಲೆ ಇಡಿ ಅಂತಲೂ ಹೇಳುತ್ತಿಲ್ಲ. ಟೇಪು ಉಳಿದರೂ ಅದನ್ನು ಓದುವ ಯಂತ್ರ ಉಳಿಯುವುದಿಲ್ಲ. 2019ರಲ್ಲಿ ಯುನೆಸ್ಕೋ ಜೊತೆ ಸೇರಿ ಧ್ವನಿ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘ ಐಎಎಸ್‌ಎ ಜಗತ್ತಿಗೆಲ್ಲ ಇದೇ ಎಚ್ಚರಿಕೆ ಕೊಟ್ಟಿತು. ಒಳ್ಳೆಯ ಡೆಕ್‌ಗಳ ತಯಾರಿಕೆ ನಿಂತು ಬಹಳ ಕಾಲವಾಯಿತು. ಬಿಡಿಭಾಗ ಸಿಗುವುದಿಲ್ಲ, ರಿಪೇರಿ ಬಲ್ಲವರಿಗೆ ವಯಸ್ಸಾಗಿದೆ.

ಈಗ ನೀವೇ ಮಾಡಬೇಕಾದ್ದು, ಬೇರೆ ಯಾರೂ ಮಾಡಲಾಗದ್ದು. ಬರೆಯಿರಿ. ಮುಂದೆ ಹೇಳಿಕೊಡುತ್ತಿರುವವರು ಯಾರು, ಸೊಲ್ಲು ಹಿಡಿಯುತ್ತಿರುವವರು ಯಾರು, ಯಾವ ಊರು, ಯಾರ ಮದುವೆ, ಯಾವ ಶಾಸ್ತ್ರದ ಹೊತ್ತಿನ ಹಾಡು. ಅತ್ತೆ ಇದ್ದಾರೆ ಅಂತಾದರೆ ಮಂಕಾದ ಎಂಪಿ3ಯನ್ನೇ ಹಾಕಿ ಕೇಳಿಸಿ, ಪಕ್ಕದಲ್ಲಿ ಕೂತು ಬರೆದುಕೊಳ್ಳಿ. ಇವತ್ತೇ. ನಮ್ಮ ಕಪಾಟಿನಲ್ಲಿ ಒಂದು ಕ್ಯಾಸೆಟ್ ಇದೆ. ಮೇಲೆ ನೀಲಿ ಶಾಯಿಯಲ್ಲಿ ‘ಅಮ್ಮ – 2’ ಅಂತ ಬರೆದಿದೆ. ಅದ್ಭುತವಾದ ದನಿ. ಯಾರ ಅಮ್ಮ? ಒಂದನೇ ಕ್ಯಾಸೆಟ್ ಎಲ್ಲಿ? ಎಷ್ಟು ವಿಚಾರಿಸಿದರೂ ತಿಳಿಯಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್‌ಗೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ಇಂಗ್ಲಿಷ್‌ನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಪ್ಲೇಟು ಒತ್ತುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರ್‌ನಲ್ಲಿ, ಅಲ್ಲಿಯವರಿಗೆ ಹಾಡಿದ್ದು ಯಾರೆಂದು ತಿಳಿಯಬೇಕಲ್ಲ. ಗೌಹರ್ ಜಾನ್ ಕೊನೆಗಾಲ ಕಳೆದದ್ದು ನಮ್ಮ ಮೈಸೂರಿನಲ್ಲಿ, ತೀರಿಕೊಂಡದ್ದು 1930ರಲ್ಲಿ. ಇವತ್ತಿಗೂ ಆ ಪ್ಲೇಟು ಹಾಕಿದರೆ ಅವರ ಹೆಸರು ಅವರ ಬಾಯಲ್ಲೇ ಕೇಳುತ್ತದೆ.

ಕೊನೆಗೆ, ಕ್ಯಾಸೆಟ್‌ನ ಮೇಲಂಚಿನ ಎರಡು ಪುಟ್ಟ ಕಿವಿ ಮುರಿದುಬಿಡಿ. ಮನೆಯ ಮಕ್ಕಳು ಯಾರೂ ಅದರ ಮೇಲೆ ತಪ್ಪಿ ರೆಕಾರ್ಡ್ ಮಾಡಲಾಗುವುದಿಲ್ಲ.

ಪ್ರಶ್ನೆ: ಅಂಟುಅಂಟಾದ ಟೇಪನ್ನು ಓವನ್‌ನಲ್ಲಿ ಬಿಸಿ ಮಾಡಿದರೆ ಸರಿಹೋಗುತ್ತದಂತೆ. ಮಾಡಲೇ?

ಉತ್ತರ: ಖಂಡಿತ ಬೇಡ. ಅದು 1970, 80ರ ದಶಕದ ಕೆಲವು ಬಗೆಯ ಸ್ಪೂಲ್ ಟೇಪ್‌ಗಳಿಗೆ (ಚಿಪ್ಪಿಲ್ಲದ ದೊಡ್ಡ ಸುರುಳಿಯವು) ಮಾತ್ರ ಇರುವ ಚಿಕಿತ್ಸೆ. 50 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಕಾದು ಮಾಡುವ ಕೆಲಸ. ಅಡುಗೆಮನೆಯ ಓವನ್‌ನಲ್ಲಿ ಮಾಡಿ ತೋರಿಸುವ ವಿಡಿಯೋದವರು ನಿಮ್ಮ ಟೇಪು ಹಾಳಾದಾಗ ಬರುವುದಿಲ್ಲ.

ಪ್ರಶ್ನೆ: ತಾತನ ಗ್ರಾಮಫೋನ್ ಪ್ಲೇಟುಗಳನ್ನು ಸ್ಪಿರಿಟ್‌ನಲ್ಲಿ ಒರೆಸಬಹುದೇ?

ಉತ್ತರ: ಒರೆಸಿದರೆ ಹಾಡೂ ಒರೆಸಿ ಹೋಗುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗುವ ಆ ಪ್ಲೇಟಿನಲ್ಲಿ ಅಂಟಾಗಿ ಇರುವುದು ಅರಗು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಮರಕ್ಕೆ ಪಾಲಿಶ್ ಹಾಕುವವರನ್ನು ಕೇಳಿ, ಅವರು ದಿನಾ ಕರಗಿಸುತ್ತಾರೆ. ಮೆತ್ತನೆಯ ಬ್ರಷ್‌ನಲ್ಲಿ ಧೂಳು ತೆಗೆಯಿರಿ, ಅಷ್ಟು ಸಾಕು. ಎಲ್‌ಪಿಯ ಸೂಜಿಯನ್ನೂ ಅದಕ್ಕೆ ಹಾಕಬೇಡಿ. 78ರ ಗೆರೆಗೆ ಸುಮಾರು ಮೂರು ಪಟ್ಟು ದಪ್ಪದ ತುದಿ ಬೇಕು.

ಪ್ರಶ್ನೆ: ಹಳೆಯ ಗ್ರಾಮಫೋನ್ ಪ್ಲೇಟುಗಳಿಗೆ ಲಕ್ಷಗಟ್ಟಲೆ ಬೆಲೆ ಇದೆಯಂತೆ, ನಿಜವೇ?

ಉತ್ತರ: ಇಲ್ಲ.

ಪ್ರಶ್ನೆ: ಹಳೆಯ ರೆಕಾರ್ಡಿಂಗ್ ಯೂಟ್ಯೂಬ್‌ಗೆ ಹಾಕಬಹುದೇ?

ಉತ್ತರ: ನಮ್ಮ ಕಾಯಿದೆಯಲ್ಲಿ ಬಿಡುಗಡೆಯಾದ ರೆಕಾರ್ಡಿಂಗ್‌ನ ಹಕ್ಕು ಮರುವರ್ಷದಿಂದ 60 ವರ್ಷ. ಸಾಹಿತ್ಯದ ಹಕ್ಕು ಬೇರೆ, ಅದು ಬರೆದವರು ತೀರಿಕೊಂಡ ಮೇಲೂ 60 ವರ್ಷ. ಮನೆಯ ರೆಕಾರ್ಡಿಂಗ್ ಆದರೆ ಮೊದಲು ಹಾಡಿದವರನ್ನು ಕೇಳಿ, ಅವರಿಲ್ಲದಿದ್ದರೆ ಅವರ ಮಕ್ಕಳನ್ನು. ಹೆಸರು ಹಾಕದೆ ಏರಿಸುವುದು ಕಳ್ಳತನ.

ಪ್ರಶ್ನೆ: ಮಗಳಿಗೆ ಈ ಕೆಲಸ ಇಷ್ಟ. ಏನು ಓದಿಸಬೇಕು?

ಉತ್ತರ: ಒಂದೇ ದಾರಿ ಅಂತಿಲ್ಲ. ಗ್ರಂಥಾಲಯ ವಿಜ್ಞಾನ ಓದಿದವರೂ ಬರುತ್ತಾರೆ, ಸೌಂಡ್ ಎಂಜಿನಿಯರ್‌ಗಳೂ ಬರುತ್ತಾರೆ. ರಾಗ, ತಾಳ, ಮಟ್ಟು ಕಿವಿಗೆ ಗೊತ್ತಿರಬೇಕು. ಬೆಸುಗೆ ಹಾಕಲು ಬರಬೇಕು. ಗುರುಗ್ರಾಮದಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಧ್ವನಿ ಸಂಗ್ರಹ ಕೇಂದ್ರ ಇದೆ, ಅದು ಶುರುವಾದದ್ದು 1982ರಲ್ಲಿ, ಅನುಮತಿ ಕೇಳಿ ಒಮ್ಮೆ ಹೋಗಿ ನೋಡಿ ಬರಲಿ. ದಿನವೆಲ್ಲ ಹಾಡು ಕೇಳುವ ಕೆಲಸ ಅಂದುಕೊಂಡಿದ್ದರೆ ಈಗಲೇ ಹೇಳಿಬಿಡಿ, ಒಂದು ಗಂಟೆ ಕೇಳಿದ್ದಕ್ಕೆ ನಾನು ಮೂರು ಗಂಟೆ ಬರೆಯುತ್ತೇನೆ.

ಪ್ರಶ್ನೆ: ಸಡಿಲವಾದ ಟೇಪನ್ನು ಪೆನ್ಸಿಲ್ ಹಾಕಿ ಸುತ್ತಬಹುದೇ?

ಉತ್ತರ: ಸುತ್ತಬಹುದು. ಆರು ಮೂಲೆಯ ಪೆನ್ಸಿಲ್, ನಿಧಾನವಾಗಿ. ನಾನೂ ಅದನ್ನೇ ಮಾಡುತ್ತೇನೆ.